ಆ ಕಡೆಯಿಂದ ತಿರುಗದ ಗೇರ್‌ಬಾಕ್ಸ್

ಹೋದ ವರ್ಷದ ಆಯುಧಪೂಜೆಯ ದಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರುಗಳಿಗೆಲ್ಲ ಸಾಲಾಗಿ ಪೂಜೆ ನಡೆಯುತ್ತಿತ್ತು. ಯಾರೋ ಬೂದುಗುಂಬಳ ಒಡೆದರು. ಅದರ ಹಸಿ ವಾಸನೆ, ಕುಂಕುಮದ ನೀರಿನ ವಾಸನೆ, ಹಳೆಯ ಕಾರೊಂದರಿಂದ ತೊಟ್ಟಿಕ್ಕಿದ್ದ ಎಣ್ಣೆಯ ವಾಸನೆ ಮೂರೂ ಒಟ್ಟಿಗೆ ಮೂಗಿಗೆ ಬಂದವು. ಪಕ್ಕದ ಮನೆಯ ಹುಡುಗಿ ಸ್ಟಿಯರಿಂಗ್ ಹಿಂದೆ ಕೂತು, "ಆಂಟಿ, ಈ ನಿಂಬೆಹಣ್ಣು ಟೈರ್ ಕೆಳಗೆ ಇಟ್ಬಿಡಿ, ನಾನು ಗಾಡಿ ಸ್ಟಾರ್ಟ್ ಮಾಡ್ತೀನಿ" ಎಂದಳು. ಹಣ್ಣು ಹಿಡಿದುಕೊಂಡವಳು ಅಲ್ಲೇ ನಿಂತುಬಿಟ್ಟೆ. "ಮೊದಲು ನೀನು ಕೆಳಗಿಳಿ. ಕೀ ನನ್ನ ಕೈಗೆ ಕೊಡು. ಆಮೇಲೆ ಇಡೋಣ" ಎಂದೆ. ಅವಳು ನಕ್ಕಳು. ನಗಲಿ ಪಾಪ, ಪೀಣ್ಯದ ಆ ಮಳೆಗಾಲವನ್ನು ಕಂಡವಳು ನಾನು, ಅವಳಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನನ್ನಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ನಾನು ಇಂಜಿನಿಯರಿಂಗ್ ಮುಗಿಸಿ, ಅವರು ಬರೆ ಬರೆ ಎಂದ ಬ್ಯಾಂಕ್ ಪರೀಕ್ಷೆ ಬರೆಯದೆ, ಪೀಣ್ಯದ ಶ್ರೀಕಂಠಯ್ಯ ಎಂಬವರ ಶೆಡ್‌ಗೆ ಸೇರಿಕೊಂಡೆ. "ಹೆಣ್ಣುಮಗಳು ಪೀಣ್ಯಕ್ಕೆ ಹೋಗ್ತಾಳಾ!" ಎಂದು ನಮ್ಮ ಸೋದರತ್ತೆ ಮೂಗಿನ ಮೇಲೆ ಬೆರಳಿಟ್ಟರು. ಆ ಬೆರಳನ್ನು ಅವರು ನನ್ನ ಮದುವೆಯಾಗುವವರೆಗೂ ತೆಗೆಯಲಿಲ್ಲ. ಶ್ರೀಕಂಠಯ್ಯನವರು ಅಪ್ಪನ ಕಾರ್ಖಾನೆಯಲ್ಲೇ ಇದ್ದು, ನಿವೃತ್ತರಾದ ಮೇಲೆ ಸ್ವಂತ ಕೆಲಸ ಶುರು ಮಾಡಿದವರು. ಆಸ್‌ಬೆಸ್ಟಾಸ್ ಚಾವಣಿಯ ಶೆಡ್ಡು, ಒಳಗೆ ನಾಲ್ಕೈದು ಪವರ್ ಪ್ರೆಸ್ಸು. ತಗಡಿನ ಬಿಲ್ಲೆಯನ್ನು ಅಚ್ಚಿನೊಳಗೆ ಇಟ್ಟರೆ ಮೇಲಿನಿಂದ ಕಬ್ಬಿಣದ ದಿಮ್ಮಿ ಧಡ್ ಎಂದು ಬಿದ್ದು ಅದನ್ನು ಬಟ್ಟಲಿನ ಆಕಾರಕ್ಕೆ ತರುತ್ತದೆ. ದಿನಕ್ಕೆ ಸಾವಿರಾರು ಸಲ ಇಡಬೇಕು, ಸಾವಿರಾರು ಸಲ ತೆಗೆಯಬೇಕು. ಇಡುವುದು, ತೆಗೆಯುವುದು ಎರಡೂ ಬರಿಗೈಯಲ್ಲಿ.

ನಾನು ಸೇರುವ ಮೊದಲೇ ಅಲ್ಲೊಂದು ಅನಾಹುತ ಆಗಿತ್ತು. ಮೂಲೆಯ ದೊಡ್ಡ ಪ್ರೆಸ್ಸಿನಲ್ಲಿ ಚಿಕ್ಕಣ್ಣ ಎಂಬಾತನ ಬಲಗೈ ಹೋಗಿತ್ತು. ಮೊಣಕೈಯಿಂದ ಕೆಳಗೆ ಏನೂ ಉಳಿದಿರಲಿಲ್ಲ. ಆಗ ಪೀಣ್ಯದ ಸಣ್ಣ ಶೆಡ್‌ಗಳಲ್ಲಿ ಒಂದು ಧರ್ಮ ಇತ್ತು. ಕೈ ಕಳಕೊಂಡವನ ಮನೆಯಿಂದ ಒಬ್ಬರಿಗೆ ಕೆಲಸ ಕೊಡುವುದು. ಶ್ರೀಕಂಠಯ್ಯನವರೂ ಆ ಧರ್ಮ ಪಾಲಿಸಿದರು, ಚಿಕ್ಕಣ್ಣನ ಹೆಂಡತಿ ಗೌರಮ್ಮನನ್ನು ಸೇರಿಸಿಕೊಂಡರು. ಆದರೆ ಶೆಡ್‌ನಲ್ಲಿ ಖಾಲಿ ಇದ್ದ ಜಾಗ ಒಂದೇ. ಗಂಡನ ಕೈ ತಿಂದ ಅದೇ ಪ್ರೆಸ್ಸಿನ ಮುಂದಿನ ಸ್ಟೂಲು!

ನಾನು ಮೊದಲ ದಿನ ನೋಡಿದಾಗ ಆಕೆ ಬಿಲ್ಲೆ ಇಡುತ್ತಿದ್ದಳು, ಕೈ ತೆಗೆಯುತ್ತಿದ್ದಳು, ಪೆಡಲ್ ತುಳಿಯುತ್ತಿದ್ದಳು. ಪ್ರತಿ ಸಲ ಕೈ ಒಳಗೆ ಹೋದಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು. ಶ್ರೀಕಂಠಯ್ಯನವರು ನನ್ನನ್ನು ಕರೆದು, "ನೋಡಮ್ಮಾ ವಿಮಲಾ, ಆ ಹೆಂಗಸಿನ ಕೈ ಅಚ್ಚಿನೊಳಗೆ ಹೋಗಬಾರದು. ಕಬ್ಬಿಣದ ಕೈ ಹೋಗಲಿ. ದಸರಾ ಒಳಗೆ ಮಾಡಿ ಕೊಡು" ಎಂದರು. ನನ್ನನ್ನು ಅವರು ಕೆಲಸಕ್ಕೆ ತಗೊಂಡದ್ದೇ ಅದಕ್ಕೆ.

ಕಬ್ಬಿಣದ ತೋಳು ಮಾಡುವುದು ಕಷ್ಟವಲ್ಲ. ಅದನ್ನು ಆಡಿಸುವ ಮೋಟರ್ ಸಿಗುವುದು ಕಷ್ಟ. ಸಾದಾ ಮೋಟರ್ ಕರೆಂಟ್ ಕೊಟ್ಟರೆ ತಿರುಗುತ್ತದೆ, ಎಲ್ಲಿ ನಿಂತಿದ್ದೇನೆಂದು ಅದಕ್ಕೇ ಗೊತ್ತಿರುವುದಿಲ್ಲ. ನಮಗೆ ಬೇಕಾದದ್ದು ಸರ್ವೋ ಮೋಟರ್. ತೋಳು ಎಲ್ಲಿದೆ ಎಂದು ಹೇಳುವ ಒಂದು ಸಣ್ಣ ಡಬ್ಬಿ ಅದರ ಜೊತೆಗಿರುತ್ತದೆ. ಡಬ್ಬಿಯ ಮಾತು ಕೇಳಿಕೊಂಡು ಮೋಟರ್ ಹೇಳಿದ ಜಾಗಕ್ಕೇ ಹೋಗಿ ನಿಲ್ಲುತ್ತದೆ. ಆ ಕಾಲದಲ್ಲಿ ಅದನ್ನು ಹೊರದೇಶದಿಂದ ತರಿಸಲು ಲೈಸೆನ್ಸ್ ಬೇಕು. ಲೈಸೆನ್ಸ್ ಬರುವಷ್ಟರಲ್ಲಿ ಗೌರಮ್ಮನಿಗೆ ಮೊಮ್ಮಕ್ಕಳಾಗಿರುತ್ತಿದ್ದರು. ಹಾಗಾಗಿ ನಾನು ಹಿಡಿದದ್ದು ಕಲಾಸಿಪಾಳ್ಯದ ಗುಜರಿ ದಾರಿ.

ಕರೀಂ ಸಾಬರ ಗುಜರಿ ಅಂಗಡಿಯಲ್ಲಿ ಹರಾಜಿಗೆ ಬಂದ ಹಳೆ ಮೆಷಿನ್‌ಗಳ ಒಡಲೆಲ್ಲ ರಾಶಿ ಬಿದ್ದಿರುತ್ತಿತ್ತು. ಮಳೆ ಜಿನುಗುತ್ತಿತ್ತು. ಅವರು ಗೋಣಿಚೀಲ ಸರಿಸಿ ಒಂದು ಕರಿ ಮೋಟರ್ ತೋರಿಸಿದರು. ಹೆಸರಿನ ಪಟ್ಟಿ ಕಿತ್ತುಹೋಗಿತ್ತು. ಬೆರಳಲ್ಲಿ ತಿರುಗಿಸಿದೆ, ಎಲ್ಲೂ ಕಚ್ಚಿಕೊಳ್ಳದೆ ಬೆಣ್ಣೆಯ ಹಾಗೆ ತಿರುಗಿತು. ಪಕ್ಕದಲ್ಲೇ ಎರಡು ಗೇರ್‌ಬಾಕ್ಸ್ ಇದ್ದವು.

"ಇದು ತಗೊಳ್ಳಿ ಮೇಡಂ, ನೈಸಾಗೈತೆ," ಎಂದು ಸಾಬರು ಮೊದಲನೆಯದನ್ನು ಮುಂದೆ ತಳ್ಳಿದರು. "ಅದು ಬ್ಯಾಡ. ಅದು ಜಿದ್ದಿಂದು."

ನೈಸಾದದ್ದು ಎರಡೂ ಕಡೆಯಿಂದ ತಿರುಗುತ್ತಿತ್ತು. ಅದನ್ನು ಹಾಕಿದರೆ ಕರೆಂಟ್ ಹೋದ ಕೂಡಲೇ ತೋಳು ತನ್ನ ಭಾರಕ್ಕೆ ತಾನೇ ಗೇರನ್ನು ಹಿಂದಕ್ಕೆ ತಿರುಗಿಸಿಕೊಂಡು ಧೊಪ್ಪೆಂದು ಕೆಳಗೆ ಬೀಳುತ್ತದೆ. ಪೀಣ್ಯದಲ್ಲಿ ಕರೆಂಟ್ ಹೋಗುವುದು ಹೇಳಿ ಕೇಳಿಯೇ? ತೋಳಿನ ಕೆಳಗೆ ಗೌರಮ್ಮನ ತಲೆ ಇರುತ್ತದೆ. ಜಿದ್ದಿನದು ಬೇರೆ ಜಾತಿ. ಒಳಗೆ ಸ್ಕ್ರೂ ಇದ್ದ ಹಾಗಿನ ಒಂದು ಗೇರು, ಅದಕ್ಕೆ ಸಿಕ್ಕಿಸಿದ ಹಲ್ಲಿನ ಚಕ್ರ. ಮೋಟರ್ ಕಡೆಯಿಂದ ತಿರುಗಿಸಿದರೆ ಮಾತ್ರ ತಿರುಗುತ್ತದೆ. ತೋಳಿನ ಕಡೆಯ ಶಾಫ್ಟ್ ಹಿಡಿದು ಭೀಮಸೇನ ಬಂದು ತಿರುಗಿಸಿದರೂ ಅಲ್ಲಾಡುವುದಿಲ್ಲ. ಸಾಬರ ಅಂಗಡಿಯಲ್ಲೇ ಅದಕ್ಕೆ ಪೈಪ್ ರೆಂಚ್ ಹಾಕಿ ಜೋತುಬಿದ್ದು ನೋಡಿದೆ. ಶಾಫ್ಟ್ ಹಲ್ಲಿನ ಸಡಿಲದಷ್ಟು 'ಟಕ್' ಎಂದಿತು, ಅಷ್ಟೇ, ಮುಂದಕ್ಕೆ ಹೋಗಲಿಲ್ಲ. ಸಡಿಲ ಇದೆ ಎಂದು ಗೊತ್ತಾಯಿತು. ಆದರೆ ಕರೆಂಟ್ ಹೋದರೂ ತೋಳು ಹಿಡಿದು ನಿಲ್ಲುವ ಗೇರು ಅದೊಂದೇ. "ಜಿದ್ದಿಂದೇ ಕೊಡಿ" ಎಂದೆ.

"ನಿಮ್ ತರಾನೇ ಐತೆ ಬಿಡಿ," ಎಂದು ಸಾಬರು ಕಟ್ಟಿಕೊಟ್ಟರು.

ಆಷಾಢದ ಗಾಳಿಯಲ್ಲಿ ಚಾವಣಿ ಪಟಪಟ ಎನ್ನುತ್ತಿದ್ದಾಗ ತೋಳು ಎದ್ದು ನಿಂತಿತು. ಮೊದಲ ಸಲ ಕರೆಂಟ್ ಕೊಟ್ಟು, ಅದನ್ನು ಅಂಗೈಯಿಂದ ಪಕ್ಕಕ್ಕೆ ತಳ್ಳಿದೆ. ಅದು ನನ್ನ ಕೈಯನ್ನು ವಾಪಸ್ ತಳ್ಳಿತು. ಸರ್ವೋ ಮಾಡುವುದೇ ಹಾಗೆ, ಪುಸ್ತಕದಲ್ಲಿ ಓದಿದ್ದೆ. ಆದರೂ ಯಾರೋ ಆ ಕಡೆಯಿಂದ ತಳ್ಳಿದ ಹಾಗಾಗಿ ನಾನು ಕೈ ಹಿಂದಕ್ಕೆ ಎಳಕೊಂಡೆ. ಶ್ರೀಕಂಠಯ್ಯನವರು "ಏನಮ್ಮಾ, ಶಾಕ್ ಹೊಡೀತಾ?" ಎಂದರು. "ಇಲ್ಲ ಸಾರ್" ಎಂದೆ.

ಆಮೇಲೆ ಬಿಲ್ಲೆ ಕೊಟ್ಟು ನೋಡಿದೆವು. ತೋಳು ಬಿಲ್ಲೆ ಹಿಡಿಯಿತು, ತಿರುಗಿ ಅಚ್ಚಿನ ಬಾಯಿಗೆ ಬಂತು, ಅಲ್ಲಿ ನಿಂತು, ನೀರು ಕೊಡವುವ ಕೈಯ ಹಾಗೆ, ಟಕ್ ಟಕ್ ಎಂದು ಎರಡು ಸಲ ಒದರಿತು. ಆಮೇಲೆ ಒಳಗೆ ಇಟ್ಟು ಹಿಂದಕ್ಕೆ ಬಂತು, ಬರುತ್ತಾ ಪೆಡಲಿನ ಬದಲು ನಾನು ಕೂರಿಸಿದ್ದ ಸ್ವಿಚ್ಚನ್ನು ತಾನೇ ಒತ್ತಿತು. ಪ್ರೆಸ್ ಬಿತ್ತು. ಮತ್ತೆ ಹಿಡಿಯಿತು, ಮತ್ತೆ ಟಕ್ ಟಕ್, ಮತ್ತೆ ಪ್ರೆಸ್. ನಾನು ಹಿಗ್ಗಿನಿಂದ ತಿರುಗಿ ನೋಡಿದರೆ ಗೌರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಅಂಟಿ ನಿಂತಿದ್ದಳು.

"ಏನಾಯ್ತು ಗೌರಮ್ಮ?"

"ಮೇಡಂ, ಅದಕ್ಕೆ ಒದರೋದು ಯಾರ್ ಏಳಿಕೊಟ್ರು?"

"ಯಾರೂ ಹೇಳಿಕೊಟ್ಟಿಲ್ಲ. ಹಳೇ ಗೇರು, ಹಲ್ಲು ಸವೆದಿದೆ. ಮುಂದಕ್ಕೆ ಜಾಸ್ತಿ ಹೋಯ್ತು ಅಂತ ಹಿಂದಕ್ಕೆ ಬರುತ್ತೆ, ಹಿಂದಕ್ಕೆ ಜಾಸ್ತಿ ಬಂತು ಅಂತ ಮುಂದಕ್ಕೆ ಹೋಗುತ್ತೆ."

"ನಮ್ಮನೆಯವ್ರು ಇಂಗೇ ಮಾಡೋರು. ತಗಡಿನ ಎಣ್ಣೆ ಸೋರೋಗ್ಲಿ ಅಂತ ಅಚ್ಚಿನ ಬಾಯಾಗೆ ಎರಡು ಕಿತ ಒದರೋರು, ಆಮ್ಯಾಕೆ ಇಡೋರು. ನಾನು ಬುತ್ತಿ ತತ್ತಿದ್ನಲ್ಲ, ನೋಡಿವ್ನಿ. ಎರಡು ಕಿತ. ಮೂರು ಇಲ್ಲ, ಒಂದು ಇಲ್ಲ."

ಸುತ್ತ ನಿಂತಿದ್ದವರು ಹೌದೆಂದು ತಲೆಯಾಡಿಸಿದರು. ಅವರೆಲ್ಲ ಚಿಕ್ಕಣ್ಣನ ಜೊತೆ ಕೆಲಸ ಮಾಡಿದವರು. ನಾನು ಮಾತ್ರ ಅವನ ಕೈ ನೋಡದವಳು. ಗೇರಿನ ಸಡಿಲ, ಗೇರಿನ ಸಡಿಲ ಎಂದು ಇನ್ನೂ ಎರಡು ಸಲ ಹೇಳಿದೆ. ಹೇಳಿದ್ದು ನಿಜವೂ ಆಗಿತ್ತು.

ಗೌರಮ್ಮ ತೋಳಿನ ಪಕ್ಕ ಕೂತು ಅದಕ್ಕೆ ಬಿಲ್ಲೆ ಜೋಡಿಸಿಕೊಡತೊಡಗಿದಳು. ಒಂದೆರಡು ವಾರಕ್ಕೆ ಹೆದರಿಕೆ ಹೋಗಿ ಅಭ್ಯಾಸವಾಯಿತು. ಟಕ್ ಟಕ್ ಕೇಳಿತೆಂದರೆ ಅವಳ ಕೈ ತಾನಾಗಿ ಮಡಿಲಿಗೆ ಬರುತ್ತಿತ್ತು, ಮುಂದೆ ಪ್ರೆಸ್ ಬೀಳುತ್ತದೆಂದು. ಆದರೆ ಒಂದು ದಿನ ಮಧ್ಯಾಹ್ನ ಊಟದ ಹೊತ್ತಲ್ಲಿ ನನ್ನ ಹತ್ತಿರ ಬಂದು ಕೂತಳು.

"ನಮ್ಮನೆಯವ್ರಿಗೆ ಇಲ್ಲದಿರೋ ಕೈ ಎದ್ದೈತೆ ಮೇಡಂ. ಬೆಳಗ್ಗೆ ಇಲ್ಲಿ ಮಿಷನ್ ಸುರುವಾದಾಗ ಅಲ್ಲಿ ಅವ್ರ ಕೈಯೂ ಸುರುವಾಗ್ತದಂತೆ. ಸಂಜೆಗಂಟ ತಗಡು ಇಡ್ತದಂತೆ."

ಕೈ ಕಾಲು ಹೋದವರಿಗೆ ಅದು ಇನ್ನೂ ಇದೆ ಅನ್ನಿಸುತ್ತದೆ, ನವೆಯೂ ಬರುತ್ತದೆ ಎಂದು ಕೇಳಿ ಗೊತ್ತಿತ್ತು. ಹಾಗೇ ಹೇಳಿದೆ.

"ಕರೆಂಟ್ ಓದ್ರೆ ಕೈ ಅಂಗೇ ಚಾಚ್ಕೊಂಡು ನಿಂತ್ಬುಡ್ತದಂತೆ. ಕರೆಂಟ್ ಬರೋಗಂಟ ಮಡಚಕ್ಕಾಗಕಿಲ್ಲ ಅಂತ ಒದ್ದಾಡ್ತಾರೆ."

"ನಿಮ್ಮ ಮನೇಲೂ ಆಗ ಕರೆಂಟ್ ಹೋಗಿರುತ್ತಲ್ಲಮ್ಮ. ಗೊತ್ತಾಗುತ್ತೆ, ಅದಕ್ಕೇ ಹಾಗನ್ನಿಸುತ್ತೆ."

"ನಮ್ಮನೇಲಿ ಕರೆಂಟೇ ಇಲ್ವಲ್ಲ ಮೇಡಂ," ಎಂದಳು ಗೌರಮ್ಮ.

ಅವರಿದ್ದದ್ದು ಚೊಕ್ಕಸಂದ್ರದ ಒಂದು ಹೆಂಚಿನ ಕೋಣೆಯಲ್ಲಿ. ಊಟದ ಡಬ್ಬಿ ಮುಚ್ಚಿ ಎದ್ದೆ. ಆ ದಿನವೂ ಊಟ ಮುಗಿದು ಮೆಷಿನ್ ಶುರುವಾದ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಇಡೀ ಪೀಣ್ಯ ಒಮ್ಮೆಗೇ ಸುಮ್ಮನಾಯಿತು. ಹಗಲು ಹೊತ್ತಿನ ಆ ನಿಶ್ಶಬ್ದ ಒಳ್ಳೆಯದಲ್ಲ. ತೋಳು ಅಚ್ಚಿನ ಕಡೆ ಅರ್ಧ ಚಾಚಿ ನಿಂತಿತ್ತು. ಜಿದ್ದಿನ ಗೇರು ಅದನ್ನು ಬೀಳದ ಹಾಗೆ ಹಿಡಿದಿತ್ತು, ನಾನು ಲೆಕ್ಕ ಹಾಕಿದ ಹಾಗೇ. ಅದನ್ನು ನೋಡುತ್ತಾ ಚೊಕ್ಕಸಂದ್ರದ ಕತ್ತಲ ಕೋಣೆಯಲ್ಲಿ ಕೂತ ಮನುಷ್ಯನ ನೆನಪಾಗಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಕರೆಂಟ್ ಬರುವವರೆಗೆ ಹೊರಗೆ ಹೋಗಿ ಬಿಸಿಲಲ್ಲಿ ನಿಂತಿದ್ದೆ.

ಹೆದರಿಕೆ ಒಂದು ಕಡೆ ಇರಲಿ. ಕೆಲಸದ ತೊಂದರೆ ಬೇರೆಯೇ ಇತ್ತು. ಒದರುವ ತೋಳು ಬಿಲ್ಲೆಯನ್ನು ಒಂದೊಂದು ಸಲ ವಾರೆಯಾಗಿ ಇಡುತ್ತಿತ್ತು. ಆಗ ಗೌರಮ್ಮ ಮೆಷಿನ್ ನಿಲ್ಲಿಸದೆ ಪಟಕ್ಕನೆ ಬೆರಳು ಹಾಕಿ ಬಿಲ್ಲೆಯನ್ನು ಸರಿಮಾಡುತ್ತಿದ್ದಳು. ಯಾವ ಕೈ ಒಳಗೆ ಹೋಗಬಾರದೆಂದು ಇಷ್ಟೆಲ್ಲ ಮಾಡಿದೆವೋ ಅದೇ ಕೈ ಹೋಗುತ್ತಿತ್ತು. ಬೈದೆ, ಕೂಗಾಡಿದೆ. "ಮಾಲು ಆಳಾಗ್ತದೆ ಮೇಡಂ" ಎನ್ನುವಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಹೇಗೆ? ಗೇರ್ ಬದಲಾಯಿಸಲೇಬೇಕು ಎಂದು ಶ್ರೀಕಂಠಯ್ಯನವರ ಮುಂದೆ ಕೂತೆ. ಅದೇ ಸ್ಕ್ರೂ ಜಾತಿಯದು, ಹೊಸದು, ಹಲ್ಲಿಗೆ ಹಲ್ಲು ಕೂರಿಸಿ ಉಜ್ಜಿದ್ದು ಬೇಕು ಎಂದೆ. ಕೊಯಮತ್ತೂರಿನ ಒಬ್ಬರು ಮಾಡಿಕೊಡಲು ಒಪ್ಪಿದರು. ನಾನೇ ರೈಲು ಹತ್ತಿ ಹೋಗಿ, ಒಂದೊಂದನ್ನೂ ಅಲ್ಲಾಡಿಸಿ ಅಲ್ಲಾಡಿಸಿ ನೋಡಿ, ಸದ್ದೇ ಬಾರದ ಒಂದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆ. ಕೂಸು ಹೊತ್ತುಬಂದ ಹಾಗೆ ಎಂದು ಶೆಡ್‌ನವರು ಆಡಿಕೊಂಡರು.

ಭಾದ್ರಪದದಲ್ಲಿ ಹೊಸ ಗೇರು ಕೂತಿತು. ತೋಳು ಹೋಗಿ, ನಿಂತು, ಬಿಲ್ಲೆ ಇಟ್ಟು ಬರುತ್ತಿತ್ತು. ಒದರುವುದಿಲ್ಲ, ಸದ್ದಿಲ್ಲ. ಬಿಲ್ಲೆ ಕೂದಲೆಳೆಯಷ್ಟೂ ಓರೆಯಾಗುತ್ತಿರಲಿಲ್ಲ. ಗೌರಮ್ಮನ ಕೈ ಅಚ್ಚಿನ ಕಡೆ ಹೋಗುವ ಪ್ರಮೇಯವೇ ಇಲ್ಲ. ಹಳೆಯ ಗೇರ್‌ಬಾಕ್ಸನ್ನು ಬಿಚ್ಚಿ, ಮೋಟರ್‌ನ ನಂಟು ಕಳಚಿ, ಗೋಡೆ ಪಕ್ಕದ ಕಬ್ಬಿಣದ ಬೆಂಚಿನ ಮೇಲೆ ಇಟ್ಟೆವು. ಗೆದ್ದೆ ಎಂದು ನಾನು ಬೀಗಿದೆ.

"ಈಗ ನಿಮ್ಮ ಯಜಮಾನರಿಗೆ ಹೇಗಿದೆ?" ಎಂದು ಒಂದು ದಿನ ಕೇಳಿದೆ.

"ಕೈ ತಗಡು ಇಡೋದು ಬುಟ್ಟೈತೆ ಮೇಡಂ. ಆದ್ರೆ ಮನೆಗೆ ಬಂದಿಲ್ಲ. ಎಲ್ಲೋ ತಣ್ಣಗಿರೋ ಕಬ್ಬಣದ್ ಮ್ಯಾಲೆ ಸುಮ್ಕೆ ಮಲಗೈತೆ ಅಂತಾರೆ."

ನಾನು ಬೆಂಚಿನ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಆಯುಧಪೂಜೆ ಬಂತು. ಪ್ರೆಸ್ ಶೆಡ್‌ಗಳಲ್ಲಿ ಒಂದು ಪದ್ಧತಿ ಇತ್ತು. ಲಾರಿಯವರು ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರಲ್ಲ, ಹಾಗೆ ಇಲ್ಲಿ ಅಚ್ಚಿನೊಳಗೆ ನಿಂಬೆಹಣ್ಣು ಇಡುವುದು. ಪೂಜೆ ಮುಗಿದ ಮೇಲೆ ಮೊದಲ ಏಟಿಗೆ ಪ್ರೆಸ್ ಅದನ್ನು ಜಜ್ಜಬೇಕು. ಆಗ ಮೆಷಿನ್ನು ಇಡೀ ವರ್ಷ ಬೇರೆ ಬಲಿ ಕೇಳುವುದಿಲ್ಲ ಎಂದು ನಂಬಿಕೆ. ಹಣ್ಣು ಇಡಬೇಕಾದವರು ಆ ಪ್ರೆಸ್ ನಡೆಸುವವರೇ. ಹಾಗಾಗಿ ಮೂಲೆಯ ಪ್ರೆಸ್ಸಿಗೆ ಗೌರಮ್ಮ. ಕೈ ಹೋಗಬಾರದೆಂದು ಮಳೆಗಾಲವೆಲ್ಲ ತಲೆ ಚಚ್ಚಿಕೊಂಡ ನಮಗೆ ಯಾರಿಗೂ, ನಿಂಬೆಹಣ್ಣು ಇಡುವುದೂ ಕೈಯೇ ಎಂದು ಹೊಳೆಯಲಿಲ್ಲ ನೋಡಿ. ಪೂಜೆ ಎಂದರೆ ಪೂಜೆ!

ಬೆಳಗಿನಿಂದ ಕರೆಂಟ್ ಇರಲಿಲ್ಲ. ಇನ್ನೇನು ಭಯ ಎಂದು ಯಾರೂ ಮೇನ್ ಸ್ವಿಚ್ ತೆಗೆದಿರಲಿಲ್ಲ. ಸಾಮಾನ್ಯವಾಗಿ ಕರೆಂಟ್ ಹೋಗಿ ಬಂದರೆ ಪ್ರೆಸ್ಸಾಗಲಿ ತೋಳಾಗಲಿ ತಾನಾಗಿ ಶುರುವಾಗುವುದಿಲ್ಲ, ಬಟನ್ ಒತ್ತಬೇಕು. ಆದರೆ ದಿನಕ್ಕೆ ಹತ್ತು ಸಲ ಯಾರು ಹೋಗಿ ಒತ್ತುತ್ತಾರೆ ಎಂದು ಆ ಬಟನ್ ಸದಾ ಒತ್ತಿಕೊಂಡೇ ಇರುವ ಹಾಗೆ ಯಾರೋ ಬಿದಿರಿನ ಚಕ್ಕೆ ಸಿಕ್ಕಿಸಿಟ್ಟಿದ್ದರು. ಪೀಣ್ಯದ ಅರ್ಧಕ್ಕರ್ಧ ಶೆಡ್‌ಗಳಲ್ಲಿ ಆ ಚಕ್ಕೆ ಇರುತ್ತಿತ್ತು. ನಮ್ಮಲ್ಲಿಯೂ ಇದೆಯೆಂದು ಆಮೇಲೆ ಗೊತ್ತಾಯಿತು.

ಚಿಕ್ಕಣ್ಣನನ್ನೂ ಪೂಜೆಗೆ ಕರೆಸಿದ್ದರು. ನಾನು ಆತನನ್ನು ನೋಡಿದ್ದು ಅದೇ ಮೊದಲು. ಬಿಳಿ ಅಂಗಿ, ಬಲತೋಳನ್ನು ಮಡಚಿ ಪಿನ್ನು ಹಾಕಿತ್ತು. ಬಂದವನು ಸೀದಾ ಗೋಡೆ ಪಕ್ಕದ ಬೆಂಚಿನ ಹತ್ತಿರ ಹೋಗಿ ನಿಂತ. ಆ ಬೆಂಚಿನ ಮೇಲಿನ ಹಳೆಯ ಗೇರ್‌ಬಾಕ್ಸಿಗೂ ಪೂಜೆಯಾಗಿತ್ತು. ತೋಳಿನ ಕಡೆಯ ಶಾಫ್ಟಿನ ತುದಿಯಲ್ಲಿ, ನೆತ್ತಿಗೆ ಸರಿಯಾಗಿ, ನಾನೇ ಒಂದು ಕುಂಕುಮದ ಬೊಟ್ಟು ಇಟ್ಟಿದ್ದೆ. ಕೆಲಸ ಮಾಡಿ ದಣಿದದ್ದಲ್ಲವೇ ಎಂದು ಚೆಂಡುಹೂವೂ ಸಿಕ್ಕಿಸಿದ್ದೆ. ಶ್ರೀಕಂಠಯ್ಯನವರು ಚಿಕ್ಕಣ್ಣನ ಎಡಗೈಗೆ ಮಂಗಳಾರತಿ ತಟ್ಟೆ ಕೊಟ್ಟರು.

ಹೊರಗೆ ಬೂದುಗುಂಬಳ ಒಡೆದರು. ಗಂಟೆ, ಜಾಗಟೆ, ಕೂಗು. ಗೌರಮ್ಮ ಅಚ್ಚಿನೊಳಗೆ ನಿಂಬೆಹಣ್ಣು ಇಟ್ಟಳು. ಹಣ್ಣು ಉರುಳಿತು. ಅದನ್ನು ಸರಿಯಾಗಿ ಕೂರಿಸಲು ಬಗ್ಗಿ ಎರಡೂ ಕೈ ಒಳಗೆ ಹಾಕಿದಳು. ಆ ಹೊತ್ತಿಗೆ ಕರೆಂಟ್ ಬಂತು. ಹಗಲು ಬೆಳಕಲ್ಲಿ ಟ್ಯೂಬ್‌ಲೈಟ್ ಹತ್ತಿದ್ದು ಯಾರಿಗೂ ಕಾಣಲಿಲ್ಲ, ಪ್ರೆಸ್ಸಿನ ಮೋಟರ್ ಶುರುವಾದದ್ದು ಜಾಗಟೆಯಲ್ಲಿ ಕೇಳಲಿಲ್ಲ. ನನಗೆ ಕಂಡದ್ದು ತೋಳು. ಅವಳ ಬೆನ್ನ ಹಿಂದಿನಿಂದ ಅದು ಸದ್ದಿಲ್ಲದೆ, ನಯವಾಗಿ, ಅಚ್ಚಿನ ಕಡೆ ಹೊರಟಿತ್ತು. ಸದ್ದು ಬಾರದ ಗೇರನ್ನೇ ಹುಡುಕಿ ತಂದವಳು ನಾನಲ್ಲವೇ? ಕೂಗಿದೆ. ಜಾಗಟೆಯಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ.

ಟಕ್ ಟಕ್.

ಜಾಗಟೆಯ ನಡುವೆಯೂ ಇಡೀ ಶೆಡ್‌ಗೆ ಕೇಳಿತು. ಗೌರಮ್ಮನ ಎರಡೂ ಕೈ ತಾವಾಗಿ ಮಡಿಲಿಗೆ ಬಂದವು. ಅವಳು ಯೋಚಿಸಲೂ ಇಲ್ಲ, ತಲೆ ಎತ್ತಿ ನೋಡಲೂ ಇಲ್ಲ. ತೋಳು ಅಚ್ಚಿನೊಳಗೆ ಹೋಯಿತು, ಹಿಂದಕ್ಕೆ ಬಂತು, ಪ್ರೆಸ್ ಧಡ್ ಎಂದು ಬಿತ್ತು. ನಿಂಬೆಯ ರಸ ಅವಳ ಮುಖಕ್ಕೆ ಸಿಡಿಯಿತು.

ಯಾರೋ ಓಡಿಹೋಗಿ ಮೇನ್ ಎಳೆದರು. ಶ್ರೀಕಂಠಯ್ಯನವರು ನೆಲದಲ್ಲೇ ಕೂತುಬಿಟ್ಟರು. "ಎಲ್ಲಾ ನಿನ್ನ ತೋಳು ಒದರಿದ್ದಕ್ಕೆ ಕಣಮ್ಮಾ, ಅದೇ ಉಳಿಸ್ತು," ಎಂದು ನನ್ನನ್ನು ನೋಡಿ ಅತ್ತರು. ನಾನು ತಲೆಯಾಡಿಸಲಿಲ್ಲ. ತೋಳು ಒದರಿರಲಿಲ್ಲ. ಅದರ ಮೇಲಿಂದ ನಾನು ಕಣ್ಣು ತೆಗೆದಿರಲಿಲ್ಲ. ಸದ್ದು ಬಂದದ್ದು ಗೋಡೆ ಕಡೆಯಿಂದ.

ಬೆಂಚಿನ ಹತ್ತಿರ ಹೋದೆ. ಚೆಂಡುಹೂವು ಕೆಳಗೆ ಬಿದ್ದಿತ್ತು. ಶಾಫ್ಟಿನ ನೆತ್ತಿಯಲ್ಲಿ ನಾನಿಟ್ಟ ಕುಂಕುಮದ ಬೊಟ್ಟು ಈಗ ಪೂರ್ತಿ ಕೆಳಮುಖವಾಗಿತ್ತು. ಹಲ್ಲಿನ ಸಡಿಲಕ್ಕೆ ಅದು ಒಂದು ಎಳ್ಳುಕಾಳಿನಷ್ಟು ಸರಿಯಬಹುದಿತ್ತು, ಅರ್ಧ ಸುತ್ತು ಅಲ್ಲ. ಪೈಪ್ ರೆಂಚ್ ತಗೊಂಡು ಹಾಕಿದೆ. ಇಡೀ ಮೈಭಾರ ಬಿಟ್ಟು ಜೋತುಬಿದ್ದೆ. ಅಲ್ಲಾಡಲಿಲ್ಲ. ಆ ಕಡೆಯಿಂದ ಯಾರು ತಿರುಗಿಸಿದರೂ ತಿರುಗಬಾರದೆಂದೇ ನಾನು ಅದನ್ನು ಆರಿಸಿದ್ದು.

ಪಕ್ಕದಲ್ಲಿ ಚಿಕ್ಕಣ್ಣ ಇದ್ದ. ಎಡಗೈಯಲ್ಲಿ ಮಂಗಳಾರತಿ ತಟ್ಟೆ ಹಾಗೇ ಇತ್ತು, ದೀಪ ಉರಿಯುತ್ತಿತ್ತು. ಹಣೆಯ ಮೇಲೆಲ್ಲ ಬೆವರು.

"ನಾನೇ ಮೇಡಂ, ಒದರಿದ್ದು," ಎಂದ.

ಗೌರಮ್ಮ ಬಂದು ಅವನ ಕೈಯಿಂದ ತಟ್ಟೆ ಇಳಿಸಿದಳು. ಪಿನ್ನು ಹಾಕಿದ ತೋಳಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು, ಎರಡೂ ಕೈಯಲ್ಲಿ. ಆಗ ನನಗೆ ಅಳು ಬಂತು.

ಆ ಗೇರ್‌ಬಾಕ್ಸನ್ನು ನಾನು ಮುಂದೆ ಬಿಚ್ಚಿ ನೋಡಿದೆ. ಸವೆದ ಹಲ್ಲು, ಹಳೇ ಗ್ರೀಸು, ಇನ್ನೇನೂ ಇರಲಿಲ್ಲ. ಬಿದಿರಿನ ಚಕ್ಕೆಯನ್ನು ನನ್ನ ಕೈಯಾರೆ ಒಲೆಗೆ ಹಾಕಿದೆ. ಗೌರಮ್ಮ ಆ ಪ್ರೆಸ್ಸಿನಲ್ಲಿ ನಾನಿದ್ದಷ್ಟು ವರ್ಷವೂ ಕೆಲಸ ಮಾಡಿದಳು, ಹತ್ತು ಬೆರಳೂ ಇದ್ದವು. ದೀಪಾವಳಿ ಹೊತ್ತಿಗೆ ಒಮ್ಮೆ, ಚಿಕ್ಕಣ್ಣನ ಕೈ ಈಗ ಎಲ್ಲಿದೆಯಂತೆ ಎಂದು ತಡೆಯಲಾರದೆ ಕೇಳಿದೆ.

"ಓಯ್ತಂತೆ ಮೇಡಂ. ನವೆ ಇಲ್ಲ, ನೋವಿಲ್ಲ, ಏನೂ ಇಲ್ಲ. ರಾತ್ರಿ ಹುಡುಕ್ತಾರೆ ಪಾಪ, ಸಿಗಕಿಲ್ಲ," ಎಂದು ಬಿಲ್ಲೆಗಳನ್ನು ಜೋಡಿಸುತ್ತಾ ಹೇಳಿದಳು. "ಬರಬೇಕಾದಾಗ ಬಂತಲ್ಲ, ಇನ್ ಯಾಕೆ ಬಂದಾತು?"